ಸಬ್‌ಕ್ಲಾಸ್ ಮೆಥಡ್ ಓವರ್‌ರೈಡ್ ಮಾಡಿದೆಯಾ? ಪೈಥಾನ್‌ನಲ್ಲಿ ಒಂದೇ ಸಾಲಿನ ಪರೀಕ್ಷೆ
ಪೈಥಾನ್ 3ರಲ್ಲಿ ಒಂದು ಸಬ್‌ಕ್ಲಾಸ್ (ಇನ್ನೊಂದು ಕ್ಲಾಸ್‌ನಿಂದ ಹುಟ್ಟಿದ ಕ್ಲಾಸ್) ಮೆಥಡ್ ಓವರ್‌ರೈಡ್ ಮಾಡಿದೆಯಾ, ಅಂದರೆ ಮೇಲಿನ ಕ್ಲಾಸ್‌ನ ಮೆಥಡ್ ಬದಲು ಅದೇ ಹೆಸರಿನಲ್ಲಿ ತನ್ನದೇ ಮೆಥಡ್ ಬರೆದಿದೆಯಾ ಎಂದು ನೋಡಲು ಆಬ್ಜೆಕ್ಟ್ ಮೂಲಕ ಹೋಗಬೇಡಿ, ಕ್ಲಾಸ್ ಮೂಲಕ ಹೋಲಿಸಿ. ಉದಾಹರಣೆಗೆ ಪ್ರಾಣಿ ಒಂದು ಕ್ಲಾಸ್, ನಾಯಿ ಅದರ ಸಬ್‌ಕ್ಲಾಸ್, ಕೂಗು ಮೆಥಡ್ ಅಂದುಕೊಳ್ಳಿ. ನಾಯಿ.ಕೂಗು, ಪ್ರಾಣಿ.ಕೂಗು ಇವೆರಡರ ನಡುವೆ 'ಈಸ್' (is, ಎರಡೂ ಒಂದೇ ವಸ್ತುವೇ ಎಂದು ನೋಡುವ ಪದ) ಹಾಕಿ. ಟ್ರೂ ಬಂದರೆ ಮೆಥಡ್ ಪ್ರಾಣಿಯಿಂದಲೇ ಬಂದದ್ದು, ಫಾಲ್ಸ್ ಬಂದರೆ ನಾಯಿಗೆ ಬೇರೆ ಮೆಥಡ್ ಇದೆ. ಕ್ಲಾಸ್‌ನಿಂದ ಕೇಳಿದಾಗ ಸಿಗುವುದು ಬರೀ ಫಂಕ್ಷನ್. ಮೇಲಿನ ಕ್ಲಾಸ್‌ನಿಂದ ಇನ್ಹೆರಿಟ್ ಆಗಿ ಬಂದರೆ ಅದರ ನಕಲು ಆಗುವುದಿಲ್ಲ, ಅದೇ ಫಂಕ್ಷನ್ ಸಿಗುತ್ತದೆ. ಆಬ್ಜೆಕ್ಟ್‌ನಿಂದ ಕೇಳಿದರೆ ಪ್ರತಿ ಸಲ ಹೊಸ ಬೌಂಡ್ ಮೆಥಡ್ (ಫಂಕ್ಷನ್ ಮತ್ತು ಆ ಆಬ್ಜೆಕ್ಟ್ ಎರಡನ್ನೂ ಕಟ್ಟಿದ ಜೋಡಿ) ಹುಟ್ಟುತ್ತದೆ. ಅದಕ್ಕೇ ಟಾಮಿ ಎಂಬ ನಾಯಿ ಆಬ್ಜೆಕ್ಟ್ ಇದ್ದರೆ, ಟಾಮಿ.ಕೂಗು ಎಂಬುದನ್ನು ಅದರ ಜೊತೆಗೇ 'ಈಸ್' ಹಾಕಿ ಹೋಲಿಸಿದರೂ ಫಾಲ್ಸ್! ಅಲ್ಲಿ 'ಈಸ್' ಬದಲು ಜೋಡಿ ಸಮಚಿಹ್ನೆ (==) ಹಾಕಿದರೆ ಟ್ರೂ ಬರುತ್ತದೆ, ಯಾಕೆಂದರೆ ಅದು ಒಳಗಿನ ಆಬ್ಜೆಕ್ಟ್ ಮತ್ತು ಫಂಕ್ಷನ್ ಎರಡನ್ನೂ ನೋಡುತ್ತದೆ. ಕ್ಲಾಸ್‌ಮೆಥಡ್‌ಗೆ (ಆಬ್ಜೆಕ್ಟ್ ಬದಲು ಕ್ಲಾಸ್‌ಗೇ ಕಟ್ಟಿದ ಮೆಥಡ್) ಮೊದಲು ಹೇಳಿದ 'ಈಸ್' ಉಪಾಯ ನಡೆಯುವುದಿಲ್ಲ. ಅದು ಕ್ಲಾಸ್‌ನಿಂದ ಕೇಳಿದರೂ ಬೌಂಡ್ ಆಗಿಯೇ ಬರುತ್ತದೆ. ಹೋಲಿಕೆಯ ಎರಡೂ ಬದಿಗೆ .__func__ ಸೇರಿಸಿ, ಒಳಗಿನ ಫಂಕ್ಷನ್‌ಗಳನ್ನು 'ಈಸ್' ಹಾಕಿ ಹೋಲಿಸಿ. ಕ್ಲಾಸ್‌ಗೆ ಅಲ್ಲದೆ ಟಾಮಿ ಒಂದಕ್ಕೇ ನೇರವಾಗಿ ಕೂಗು ಅಂಟಿಸಿದ್ದರೆ ಈ ಪರೀಕ್ಷೆಯಿಂದ ಅದೂ ಗೊತ್ತಾಗುವುದಿಲ್ಲ. ನಾಯಿಯಲ್ಲಿ ಬರೆದ ಮೆಥಡ್ ಬರೀ ಸೂಪರ್ ಮೂಲಕ ಪ್ರಾಣಿಯ ಮೆಥಡ್ ಅನ್ನೇ ಕರೆದರೂ ಅದು ಓವರ್‌ರೈಡ್ ಅಂತಲೇ ಲೆಕ್ಕ.