ಗದ್ದೆಯ ಕೆಸರಿನಿಂದ ರಕ್ತಕ್ಕೆ: ಮೆಲಿಯಾಯ್ಡೋಸಿಸ್ ಗುರುತಿಸಲು ಕಲಿತ ಬಗೆ

ಶಿವಮೊಗ್ಗದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಜೀವಿ ತಜ್ಞೆಯಾಗಿರುವ ನನಗೆ ಪ್ರತಿಯೊಂದು ಋತುವೂ ಒಂದೊಂದು ಜ್ವರದ ಹೆಸರಿನೊಡನೆ ನೆನಪಾಗುತ್ತದೆ. ಚಳಿಗಾಲ ಕಳೆದು ಕಾಡಿನ ಉಣ್ಣೆಗಳು ಹೆಚ್ಚುವಾಗ ಮಂಗನ ಕಾಯಿಲೆಯ ಅನುಮಾನ, ನಟ್ಟಿಯ ದಿನಗಳಲ್ಲಿ ಇಲಿ ಜ್ವರದ ಅನುಮಾನ. ಈ ಎರಡರ ಆಚೆಗೂ ನಮ್ಮ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ತರುವ ಒಂದು ರೋಗಾಣು ಇದೆಯೆಂದು ನಾನು ಓದಿದ್ದೆನಾದರೂ, ಅದು ನನ್ನ ಮೇಜಿನ ಮೇಲೆಯೇ ಬಂದು ಕೂರಬಹುದೆಂಬ ಎಚ್ಚರ ಬಹುಕಾಲ ಇರಲಿಲ್ಲ.

ಆ ವರ್ಷ ಪುಷ್ಯ ಮಳೆ ಹಿಡಿದಿದ್ದಾಗ ಹೊಸನಗರದ ಕಡೆಯ ರೈತರೊಬ್ಬರು ದಾಖಲಾದರು. ವಯಸ್ಸು ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿಲ್ಲ, ಹನ್ನೆರಡು ದಿನಗಳಿಂದ ಜ್ವರವಿತ್ತು. ವಾರ್ಡಿನ ವೈದ್ಯರು ಆ್ಯಂಟಿಬಯೋಟಿಕ್ ಆರಂಭಿಸುವ ಮೊದಲೇ ಎರಡೂ ತೋಳುಗಳಿಂದ ಬೇರೆ ಬೇರೆಯಾಗಿ, ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರಿನಂತೆ ರಕ್ತ ತೆಗೆದು, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಕಳುಹಿಸಿದ್ದರು. ಮುಂದೆ ನಡೆದದ್ದಕ್ಕೆಲ್ಲ ಆ ಮುನ್ನೆಚ್ಚರಿಕೆಯೇ ಆಧಾರವಾಯಿತು.

ಎರಡನೆಯ ದಿನ ಯಂತ್ರ ಬೆಳವಣಿಗೆಯ ಸೂಚನೆ ಕೊಟ್ಟಿತು. ಬ್ಯಾಕ್ಟೀರಿಯಾಗಳನ್ನು ವಿಂಗಡಿಸುವ ಗ್ರಾಂ ಬಣ್ಣ ಹಾಕಿ ನೋಡಿದಾಗ ಎರಡು ತುದಿಗಳಲ್ಲಿ ಮಾತ್ರ ಬಣ್ಣ ಹಿಡಿದು ನಡುವೆ ಖಾಲಿಯಾಗಿ ಕಾಣುವ, ಸೇಫ್ಟಿ ಪಿನ್ನನ್ನು ನೆನಪಿಸುವ ಸಣ್ಣ ಗ್ರಾಂ-ನೆಗೆಟಿವ್ ಕಡ್ಡಿಗಳು, ಅಂದರೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು, ಕಂಡವು. ಅಗಾರ್ ತಟ್ಟೆಯಲ್ಲಿ ಮೊದಲ ದಿನ ಬಂದವು ಯಾರ ಗಮನವನ್ನೂ ಸೆಳೆಯದ ನಯವಾದ ಕಾಲೊನಿಗಳು. ಬ್ಯಾಕ್ಟೀರಿಯಾದ ಗುಂಪನ್ನು ಗುರುತಿಸಲು ನೆರವಾಗುವ ಆಕ್ಸಿಡೇಸ್ ಪರೀಕ್ಷೆ ಪಾಸಿಟಿವ್ ಬಂತು, ಸ್ವಯಂಚಾಲಿತ ಯಂತ್ರ ‘ಬರ್ಖೋಲ್ಡೇರಿಯಾ ಸೆಪೇಸಿಯಾ’ ಎಂದು ಹೆಸರಿಸಿತು.

ಆ ಹೆಸರನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಸೆಪೇಸಿಯಾ ಸಾಮಾನ್ಯವಾಗಿ ಆಸ್ಪತ್ರೆಯೊಳಗೆ, ಕಲುಷಿತವಾದ ದ್ರಾವಣಗಳ ಮೂಲಕ ರೋಗಿಗೆ ಅಂಟುವ ಜೀವಿ, ಇವರಾದರೋ ಮನೆಯಿಂದಲೇ ಜ್ವರ ಹೊತ್ತು ಬಂದವರು. ನಾನು ವಾರ್ಡಿಗೆ ಹೋಗಿ ಅವರನ್ನೇ ಮಾತನಾಡಿಸಿದೆ. ‘ನಟ್ಟಿ ಟೈಮು ಡಾಕ್ಟ್ರೇ, ದಿನಾ ಗದ್ದೇಲೇ ಇರ್ತಿದ್ದೆ. ಕಾಲಲ್ಲಿ ಗಾಯ ಇತ್ತು, ಅದೆಲ್ಲ ಯಾರು ನೋಡ್ತಾರೆ’ ಎಂದರು. ಹಿಂತಿರುಗಿ ಬಂದು ಜೆಂಟಾಮೈಸಿನ್, ಕೊಲಿಸ್ಟಿನ್ ಮತ್ತು ಕೋ-ಅಮಾಕ್ಸಿಕ್ಲಾವ್ ಎಂಬ ಆ್ಯಂಟಿಬಯೋಟಿಕ್ಕುಗಳ ಡಿಸ್ಕುಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟೆ. ಮರುದಿನ ಮೊದಲೆರಡರ ಅಂಚಿನವರೆಗೂ ಬೆಳವಣಿಗೆ ಬಂದಿತ್ತು, ಮೂರನೆಯದರ ಸುತ್ತ ಮಾತ್ರ ತಿಳಿಯಾದ ವಲಯವಿತ್ತು, ಅಂದರೆ ಅದೊಂದೇ ರೋಗಾಣುವನ್ನು ತಡೆದಿತ್ತು. ಇದು ಮೆಲಿಯಾಯ್ಡೋಸಿಸ್ ತರುವ ಬರ್ಖೋಲ್ಡೇರಿಯಾ ಸೂಡೊಮಲ್ಲೈ ಎಂಬ ಅನುಮಾನ ಮೂಡಿಸಲು ಅಷ್ಟು ಸಾಕು. ಪೂರ್ತಿ ವರದಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿದೆ, ಏಕೆಂದರೆ ಜ್ವರಕ್ಕೆ ವಾಡಿಕೆಯಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಈ ರೋಗಾಣುವಿಗೆ ನೆಚ್ಚಿಕೊಳ್ಳಬಹುದಾದ ಔಷಧವಲ್ಲ, ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕಾಗುತ್ತದೆ. ಅಂದೇ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಗುಲ್ಮದಲ್ಲಿ ಸಣ್ಣ ಸಣ್ಣ ಕೀವುಗಂಟುಗಳು ಕಂಡವು. ಕರಾವಳಿಯ ಪ್ರಯೋಗಾಲಯವೊಂದಕ್ಕೆ ಕಳುಹಿಸಿದ ಮಾದರಿ, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್‌ನಲ್ಲಿ ಖಚಿತವಾಯಿತು.

ಈ ಕಾಯಿಲೆ ಹೊಸದೇನಲ್ಲ. ರಂಗೂನಿನಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಅವರು 1912ರಲ್ಲೇ ಇದನ್ನು ವಿವರಿಸಿದ್ದರು.

ಅಂದು ವೈದ್ಯರೊಡನೆ ಮಾತಾಡಿ ಫೋನ್ ಕೆಳಗಿಡುವಾಗ ನನ್ನನ್ನು ಕಾಡಿದ್ದು ಎರಡು ವರ್ಷಗಳ ಹಿಂದಿನ ಇನ್ನೊಂದು ಬಾಟಲಿ. ಅಡಿಕೆ ತೋಟದ ಕೂಲಿಕಾರರೊಬ್ಬರ ರಕ್ತದಲ್ಲಿ ಇಂಥದೇ ಕಡ್ಡಿಗಳು ಬೆಳೆದಿದ್ದವು, ನಾನು ‘ಸೂಡೊಮೊನಾಸ್ ಪ್ರಭೇದ’ ಎಂದು ಬೇರೊಂದು ಗುಂಪಿನ ಹೆಸರು ಬರೆದು ಸಹಿ ಹಾಕಿದ್ದೆ, ಅವರು ಉಳಿಯಲಿಲ್ಲ. ಸೂಡೊಮಲ್ಲೈ ಕಾಲೊನಿಗಳು ಒಣಗಿ ಸುಕ್ಕುಗಟ್ಟುವುದು ಬಹುಮಟ್ಟಿಗೆ ಮೂರನೆಯ ದಿನದ ಹೊತ್ತಿಗೆ, ನಮ್ಮಲ್ಲಿ ಆಗ ತಟ್ಟೆಗಳನ್ನು 48 ಗಂಟೆಗೇ ವಿಲೇವಾರಿ ಮಾಡುತ್ತಿದ್ದೆವು. ಅದು ಇದೇ ರೋಗಾಣುವಾಗಿತ್ತೆಂದು ಹೇಳಲು ನನ್ನ ಬಳಿ ಪುರಾವೆಯಿಲ್ಲ, ಅಲ್ಲವೆಂದು ಹೇಳಲೂ ಇಲ್ಲ.

ಅಂದಿನಿಂದ ಆಕ್ಸಿಡೇಸ್ ಪಾಸಿಟಿವ್ ಆದ ಪ್ರತಿಯೊಂದು ಗ್ರಾಂ-ನೆಗೆಟಿವ್ ಕಡ್ಡಿಗೂ ಆ ಮೂರು ಡಿಸ್ಕುಗಳನ್ನು ಇಡುತ್ತೇವೆ, ತಟ್ಟೆಯನ್ನು ನಾಲ್ಕು ದಿನ ಉಳಿಸಿಕೊಳ್ಳುತ್ತೇವೆ. ಮಾದರಿಯ ಚೀಟಿಯಲ್ಲಿ ರೋಗಿಯ ಕಸುಬು ಮತ್ತು ಸಕ್ಕರೆ ಕಾಯಿಲೆಯ ವಿವರ ಇಲ್ಲದಿದ್ದರೆ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇವೆ. ಅನುಮಾನ ಬಂದೊಡನೆ ಕೆಲಸವನ್ನೆಲ್ಲ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಸ್ಥಳಾಂತರಿಸುತ್ತೇವೆ. ವಾಸನೆಯಿಂದ ರೋಗಾಣುವನ್ನು ಗುರುತಿಸುವ ಹಳೆಯ ಅಭ್ಯಾಸ ಕೆಲವು ತಂತ್ರಜ್ಞರಲ್ಲಿತ್ತು, ಅದನ್ನು ನಾನು ಕಟ್ಟುನಿಟ್ಟಾಗಿ ನಿಲ್ಲಿಸಿದೆ, ಏಕೆಂದರೆ ಈ ರೋಗಾಣು ಉಸಿರಿನ ಮೂಲಕವೂ ದೇಹ ಸೇರಬಲ್ಲದು.

ಹೊಸನಗರದ ಆ ರೈತರಿಗೆ ಎರಡು ವಾರಕ್ಕೂ ಹೆಚ್ಚು ಕಾಲ ರಕ್ತನಾಳದ ಮೂಲಕ ಔಷಧ ನಡೆಯಿತು, ಬಳಿಕ ಕೋ-ಟ್ರೈಮಾಕ್ಸಜೋಲ್ ಮಾತ್ರೆಗಳನ್ನು ಮೂರು ತಿಂಗಳು ಬಿಡದೆ ನುಂಗಬೇಕಾಯಿತು. ಜ್ವರ ಬಿಟ್ಟ ಮೇಲೆ ಮಾತ್ರೆ ಬಿಡುವವರೇ ಹೆಚ್ಚು, ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಅದಕ್ಕಾಗಿ ಅವರ ಮಗನಿಗೆ ತಿಂಗಳಿಗೊಮ್ಮೆ ನಾನೇ ಫೋನ್ ಮಾಡುತ್ತಿದ್ದೆ. ಅಡಿಕೆ ಕೊಯ್ಲಿನ ನಡುವೆ ಕೊನೆಯ ತಪಾಸಣೆಗೆ ಬಂದಾಗ ಅವರು ಕೇಳಿದ್ದು ಒಂದೇ ಮಾತು, ಮುಂದಿನ ಮಳೆಗೆ ಗದ್ದೆಗೆ ಇಳಿಯಬಹುದೇ ಎಂದು. ಗಾಯವಿರುವಾಗ ಇಳಿಯಬೇಡಿ, ಇಳಿದರೆ ಗಂಬೂಟು ಹಾಕಿಕೊಳ್ಳಿ, ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ ಎಂದೆ. ಕೆಸರಿನಲ್ಲಿ ಗಂಬೂಟು ಹೂತುಕೊಳ್ಳುತ್ತದೆ ಎಂದು ಅವರು ಹೇಳಿದರು, ಅದೂ ನಿಜವೇ ಆಗಿತ್ತು.