ಸಾಮಾನಿನಡಿ ಹೂತುಹೋದ ಮನೆಯನ್ನು ಬಿಡಿಸುವುದು ಹೇಗೆ

ಹಳೇ ಪೇಪರ್, ತಾಂಬೂಲದಲ್ಲಿ ಬಂದ ಬ್ಲೌಸ್ ಪೀಸ್, ಖಾಲಿ ಡಬ್ಬಿ, ಕೆಟ್ಟ ಮಿಕ್ಸಿ ಎಲ್ಲರ ಮನೆಯಲ್ಲೂ ಇರುತ್ತವೆ. ಅಟ್ಟ ತುಂಬಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಮಂಚದ ತುಂಬ ಸಾಮಾನಿದ್ದು ನೆಲದ ಮೂಲೆಯಲ್ಲಿ ಮಲಗುವುದು, ಅಡುಗೆಕಟ್ಟೆಯಲ್ಲಿ ಜಾಗವಿಲ್ಲದೆ ಹೋಟೆಲ್ ಊಟ ತರಿಸುವುದು, ನೆಂಟರು ಬರುತ್ತೇವೆಂದರೆ ನೆಪ ಹೇಳಿ ತಪ್ಪಿಸುವುದು, ಖಾಲಿ ಬಾಟಲಿ ಬಿಸಾಡಲೂ ಎದೆ ಡವಗುಟ್ಟುವುದು ಇವೆಲ್ಲ ಸೇರಿದಾಗ ವೈದ್ಯರು ಹೋರ್ಡಿಂಗ್ ಡಿಸಾರ್ಡರ್ ಎನ್ನುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಇದೆ. ಸೋಮಾರಿತನವೋ ಜಿಪುಣತನವೋ ಎಂದು ಬಯ್ಯುವವರು ಬಹಳ. ನಿಜಕ್ಕೂ ಕಷ್ಟವಿರುವುದು ಬೇಕೋ ಬೇಡವೋ ಎಂದು ತೀರ್ಮಾನಿಸುವುದರಲ್ಲಿ. ನೀವು ಮಾಡಬೇಕಾದ ಸಹಾಯವೂ ಅಲ್ಲಿಯೇ.

ಆದ್ದರಿಂದ ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇವೆ. ಹೀಗೆ ಕೂಡಿಡುವವರನ್ನು ನಾಲ್ಕು ದಿನ ಊರಿಗೆ ಕಳಿಸಿ, ಟೆಂಪೋ ತರಿಸಿ, ಮನೆ ಖಾಲಿ ಮಾಡಬೇಡಿ. ಮನೆ ಹೊಳೆಯುತ್ತದೆ, ಆದರೆ ಅವರಿಗೆ ಅದು ಕಳವಾದಂತೆಯೇ. ನಂಬಿಕೆ ಮುರಿಯುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ, ಮುಂದೆ ಯಾರನ್ನೂ ಒಳಗೆ ಬಿಡುವುದಿಲ್ಲ. ತೀರ್ಮಾನಿಸುವುದನ್ನು ಕಲಿಯದ ಕಾರಣ ಮನೆ ಮತ್ತೆ ತುಂಬುತ್ತದೆ. ಪ್ರತಿ ವಸ್ತುವಿನ ತೀರ್ಪೂ ಅವರದೇ ಆಗಿರಬೇಕು. ನಿಧಾನವಾಗುತ್ತದೆ, ಆಗಲಿ.

ಸಹಾಯ ಎಲ್ಲಿ ಸಿಗುತ್ತದೆ

ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ ಟೆಲಿ-ಮಾನಸ್‌ಗೆ, ಅಂದರೆ 14416ಕ್ಕೆ ಕರೆಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಮತ್ತು ಅದಕ್ಕೆ ಹತ್ತಿರದ ಇಂಥ ಕಾಯಿಲೆಗಳಿಗೆಂದೇ ಒಸಿಡಿ ಕ್ಲಿನಿಕ್ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದೂ ವಿಚಾರಿಸಿ, ಮನೋಚೈತನ್ಯ ಕಾರ್ಯಕ್ರಮದಡಿ ಸಾಮಾನ್ಯವಾಗಿ ಮಂಗಳವಾರ ಬರುತ್ತಾರೆ. ವಯಸ್ಸಾದವರು ಒಬ್ಬರೇ ಇದ್ದರೆ ಹಿರಿಯರ ಸಹಾಯವಾಣಿ 14567.

ಹೋಗುವಾಗ ಅವರ ಒಪ್ಪಿಗೆ ಪಡೆದು ಪ್ರತಿ ಕೋಣೆಯ ಒಂದೊಂದು ಫೋಟೊ ತೆಗೆದುಕೊಂಡು ಹೋಗಿ. ‘ಸ್ವಲ್ಪ ಸಾಮಾನು ಜಾಸ್ತಿ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಇದಕ್ಕೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮುಖ್ಯ. ಅದರ ಮೂಲ ಕ್ರಮದಲ್ಲಿ ವಾರಕ್ಕೊಂದರಂತೆ ಸುಮಾರು 26 ಭೇಟಿಗಳು, ಕೆಲವು ಮನೆಯಲ್ಲೇ. ಜೊತೆಗೆ ಖಿನ್ನತೆಯೋ ಗೀಳೋ ಇದ್ದರೆ ಮಾತ್ರೆಯೂ ಬೇಕಾಗಬಹುದು. ಹರೆಯದಲ್ಲಿ ಶುರುವಾಗಿ ವಯಸ್ಸಿನೊಂದಿಗೆ ಬೆಳೆಯುವುದು ಈ ಕಾಯಿಲೆಯ ರೂಢಿ. ಅಚ್ಚುಕಟ್ಟಾಗಿದ್ದವರು 60 ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೂಡಿಡತೊಡಗಿದರೆ ಮರೆವಿನ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಮೊದಲ ಮಾತು, ಮೊದಲ ದಾರಿ

‘ಏನಮ್ಮ ಈ ಕಸ’ ಎಂದಿರೋ, ಕೆಲಸ ಕೆಟ್ಟಿತು. ‘ಅಮ್ಮ, ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ತೊಡರ್ತಲ್ಲ, ಆ ದಾರಿ ಒಂದನ್ನ ಇವತ್ತು ಬಿಡಿಸೋಣ’ ಅನ್ನಿ. ಅವರು ಯಾವ ಪದ ಬಳಸುತ್ತಾರೋ ನೀವೂ ಅದನ್ನೇ ಬಳಸಿ.

ಅಂದಕ್ಕಿಂತ ಮುಂಚೆ ಜೀವ. ಹಾಸಿಗೆಯಿಂದ ಬಚ್ಚಲಿಗೆ, ಅಲ್ಲಿಂದ ಮುಂಬಾಗಿಲಿಗೆ ಮೂರಡಿ ಅಗಲದ ದಾರಿ. ಒಲೆಯ ಸುತ್ತ ಮೂರಡಿಯೊಳಗೆ ಕಾಗದ, ಬಟ್ಟೆ, ಪ್ಲಾಸ್ಟಿಕ್ ಇರಕೂಡದು. ಸಿಲಿಂಡರಿನ ರೆಗ್ಯುಲೇಟರಿಗೆ ಕೈ ಸಲೀಸಾಗಿ ಎಟುಕಬೇಕು, ಮೇನ್ ಸ್ವಿಚ್‌ನ ಮುಂದೆ ಖಾಲಿ ಇರಬೇಕು. ಎದೆಮಟ್ಟ ಮೀರಿದ ಪೇಪರ್ ರಾಶಿಯನ್ನು ಮೊದಲು ತಗ್ಗಿಸಿ, ಮೈಮೇಲೆ ಕುಸಿಯುತ್ತದೆ. ಈ ಹಂತದಲ್ಲಿ ಏನನ್ನೂ ಎಸೆಯಬೇಕಾಗಿಲ್ಲ, ಜಾಗ ಬದಲಾದರೆ ಸಾಕು. ಹಾಗಾಗಿ ಒಪ್ಪಿಗೆಯೂ ಬೇಗ ಸಿಗುತ್ತದೆ.

ವಿಂಗಡಿಸುವ ಕ್ರಮ

ಎರಡಡಿ ಉದ್ದ, ಎರಡಡಿ ಅಗಲದ ಜಾಗ ಆರಿಸಿ. ಗಡಿಯಾರದಲ್ಲಿ 20 ನಿಮಿಷ ಇಡಿ. ಮೂರು ಚೀಲ, ಒಂದು ರಟ್ಟಿನ ಡಬ್ಬ ಸಾಕು: ಗುಜರಿಗೆ, ಯಾರಿಗಾದರೂ ಕೊಡಲು, ಕಸಕ್ಕೆ ಒಂದೊಂದು ಚೀಲ, ಉಳಿಸಿಕೊಳ್ಳುವುದಕ್ಕೆ ಡಬ್ಬ. ಶುರು ಮಾಡುವುದು ಭಾವನೆ ಅಂಟಿರದ ವಸ್ತುಗಳಿಂದ, ಅಂದರೆ ಹಾಲಿನ ಕವರ್, ಅವಧಿ ಮುಗಿದ ಮಸಾಲೆಪುಡಿ, ಹಳೇ ಕರೆಂಟ್ ಬಿಲ್. ತೀರಿಕೊಂಡವರ ಬಟ್ಟೆ, ಪತ್ರ, ಫೋಟೊ ಕಟ್ಟಕಡೆಗೆ. ಮೊದಲ ದಿನವೇ ಯಜಮಾನರ ಅಂಗಿ ಕೈಗೆತ್ತಿಕೊಂಡರೆ ಅಂದಿನ ಕೆಲಸ ಅಲ್ಲಿಗೇ ಮುಗಿಯುತ್ತದೆ.

ವಸ್ತುವನ್ನು ನೀವು ಎತ್ತಿ ತೋರಿಸಿ, ಅವರು ಹೇಳಲಿ. ಹೋದ ವರ್ಷ ಇದನ್ನು ಬಳಸಿದಿರಾ, ಇಂಥದ್ದು ಇನ್ನೆಷ್ಟಿದೆ, ಬೇಕಾದಾಗ ಎಷ್ಟು ಖರ್ಚಿನಲ್ಲಿ ಮತ್ತೆ ಸಿಗುತ್ತದೆ ಎಂದು ಕೇಳಿ, ಸುಮ್ಮನಿರಿ. ಅಷ್ಟು ಹೊತ್ತು ಸುಮ್ಮನಿರುವುದು ಸುಲಭವಲ್ಲ, ಆದರೂ ಅಲ್ಲಿ ಬಾಯಿ ಹಾಕಬೇಡಿ. ಬಿಟ್ಟುಕೊಟ್ಟಾಗ ಹುಟ್ಟುವ ತಳಮಳ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ, ಅದನ್ನು ಅವರು ಮತ್ತೆ ಮತ್ತೆ ಅನುಭವಿಸಿ ಅರಿಯುವುದೇ ಚಿಕಿತ್ಸೆಯ ತಿರುಳು.

ಕೆಲಸ ಹೆಚ್ಚಾಗಿ ಕೆಡುವುದು ‘ಆಮೇಲೆ ನೋಡೋಣ’ ರಾಶಿಯಿಂದ. ಎಲ್ಲವೂ ಅಲ್ಲಿಗೇ ಸೇರಿ, ಸಂಜೆಗೆ ರಾಶಿ ಮೂಲೆ ಬದಲಿಸಿರುತ್ತದೆ ಅಷ್ಟೆ. ಆ ರಾಶಿಗೆ ಒಂದೇ ಡಬ್ಬ ಕೊಡಿ, ಮೇಲೆ ತಾರೀಕು ಬರೆಯಿರಿ, ತುಂಬಿದರೆ ಒಂದು ತೆಗೆದೇ ಇನ್ನೊಂದು ಹಾಕಬೇಕು. ಎರಡನೆಯ ಕಂಟಕ ಚೌಕಾಸಿ. ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚು ಕೊಡುವ ಗುಜರಿಯವರು ಬರಲಿ ಎಂದು ಕಾದರೆ ಚೀಲಗಳು ವರಾಂಡದಲ್ಲೇ ಉಳಿದು, ರಾತ್ರಿ ಒಂದೊಂದಾಗಿ ಒಳಗೆ ಬರುತ್ತವೆ. ಗುಜರಿಯವರನ್ನು ಮೊದಲೇ ಗೊತ್ತುಮಾಡಿ, ಕಟ್ಟಿದ ಚೀಲ ಅದೇ ದಿನ ಮನೆ ದಾಟಲಿ. ದೇವರ ಚಿತ್ರವಿರುವ ಕ್ಯಾಲೆಂಡರ್, ಲಗ್ನಪತ್ರಿಕೆಗಳನ್ನು ಗುಜರಿಗೆ ಹಾಕಿರೆಂದು ಒತ್ತಾಯಿಸಬೇಡಿ. ಬೇರೆ ಕಟ್ಟಿಟ್ಟು, ಅವರು ನಂಬುವ ಹಿರಿಯರನ್ನೋ ಅರ್ಚಕರನ್ನೋ ಕೇಳಿ.

ಕಾಗದದ ರಾಶಿಯನ್ನು ಇಡಿಯಾಗಿ ತೂಕಕ್ಕೆ ಹಾಕಲೇಬೇಡಿ. ಕ್ರಯಪತ್ರ, ಖಾತೆ ಪತ್ರ, ಎಲ್‌ಐಸಿ ಬಾಂಡ್, ಹಳೇ ಷೇರು ಪತ್ರ, ಮಾರ್ಕ್ಸ್ ಕಾರ್ಡು, ಮರಣ ಪ್ರಮಾಣಪತ್ರ ಪೇಪರುಗಳ ನಡುವೆಯೇ ಸಿಕ್ಕಿಕೊಂಡಿರುತ್ತವೆ. ಪುಸ್ತಕವನ್ನು ಬೆನ್ನು ಹಿಡಿದು ಕೊಡವಿ, ಸೀರೆಯ ಮಡಿಕೆ, ಅಕ್ಕಿಡಬ್ಬಿಯ ತಳ ನೋಡಿ, ದುಡ್ಡು, ಒಡವೆ ಅಲ್ಲಿರುತ್ತವೆ. 2016ರಲ್ಲಿ ರದ್ದಾದ 500, 1,000 ರೂಪಾಯಿಯ ನೋಟುಗಳು ಈಗ ಚಲಾವಣೆಯಲ್ಲಿಲ್ಲ. 2,000 ರೂಪಾಯಿಯ ನೋಟು ಸಿಕ್ಕರೆ ಬೆಂಗಳೂರಿನ ನೃಪತುಂಗ ರಸ್ತೆಯ ಆರ್‌ಬಿಐ ಕಚೇರಿಯಲ್ಲಿ ವಿಚಾರಿಸಿ.

ತೊಳೆಯುವಾಗ

ಇಲಿಯ ಹಿಕ್ಕೆ ಕಂಡಲ್ಲಿ ಒಣ ಪೊರಕೆ ಆಡಿಸಬೇಡಿ, ರೋಗಾಣು ದೂಳಿನೊಂದಿಗೆ ಏಳುತ್ತದೆ. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ, ಆದ್ದರಿಂದ ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಇನ್ನೊಬ್ಬರಿಗೆ ಬಿಡಿ. ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ರಬ್ಬರ್ ಗ್ಲೌಸು, ಎನ್-95 ಮಾಸ್ಕ್ ಹಾಕಿ. ಒಂದು ಭಾಗ ಲಿಕ್ವಿಡ್ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಸಿ, ಹಳೇ ಪೇಪರಿನಲ್ಲಿ ಒರೆಸಿ ತೆಗೆಯಿರಿ. ಬ್ಲೀಚಿನ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಎಂದೂ ಬೆರೆಸಬೇಡಿ. ಹಿತ್ತಲು, ಅಟ್ಟದ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕದಲಿಸಿ, ಚೇಳು, ಹಾವು ಇರಬಹುದು. ಅವಧಿ ಮುಗಿದ ಮಾತ್ರೆ, ಹಳೇ ಸೆಲ್‌, ಟ್ಯೂಬ್‌ಲೈಟ್‌ಗಳನ್ನು ಹಸಿ ಕಸಕ್ಕೆ ಸೇರಿಸದೆ ಪಾಲಿಕೆಯವರಿಗೆ ಬೇರೆಯಾಗಿಯೇ ಕೊಡಿ.

ಒಳಗೆ ಬರುವುದು ನಿಲ್ಲದೆ ಹೊರಗೆ ಹಾಕಿ ಫಲವಿಲ್ಲ. ಯಾರೂ ಓದದ ಪತ್ರಿಕೆ ನಿಲ್ಲಿಸಿ, ಫೋನಿನಿಂದ ಶಾಪಿಂಗ್ ಆ್ಯಪ್‌ಗಳನ್ನು ತೆಗೆಸಿ. ಜಾತ್ರೆಗೋ ಸಂತೆಗೋ ಜೊತೆಯಾಗಿ ಹೋಗಿ, ಇಷ್ಟವಾದ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಇಟ್ಟು ಬರುವ ಅಭ್ಯಾಸವನ್ನು ಚಿಕಿತ್ಸಕರೇ ಹೇಳಿಕೊಡುತ್ತಾರೆ. ಮೊದಮೊದಲು ಬಹಳ ಕಷ್ಟ, ಜೊತೆಗಿರಿ. ತಿಂಗಳಿಗೊಮ್ಮೆ ಅದೇ ಮೂಲೆಯ ಫೋಟೊ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟು ಅವರಿಗೇ ತೋರಿಸಿ. ರಾಶಿ ಮತ್ತೆ ಬೆಳೆದಿದ್ದರೆ ಬಯ್ಯದೆ, ಮುಂದಿನ ಭೇಟಿಗೆ ಆ ಫೋಟೊ ಒಯ್ದು ವೈದ್ಯರ ಮುಂದಿಡಿ.