ಬೇಸಿಗೆಯ ಕಲ್ಲುಹೂವು ನೋಡಿ ಮಳೆಗಾಲದ ಅಣಬೆ ಹಿಡಿದದ್ದು

ಅಣಬೆ ಹುಡುಕುವವರು ಮಳೆ ಹಿಡಿಯಲಿ ಎಂದು ಕಾಯುತ್ತಾರೆ. ನಾನು ಮಳೆಗೆ ಒಂದೆರಡು ತಿಂಗಳು ಮೊದಲೇ ಕಾಡು ಸುತ್ತುತ್ತೇನೆ. ಆಗ ನೋಡುವುದು ತೊಗಟೆಯ ಮೇಲಿನ ಕಲ್ಲುಹೂವುಗಳನ್ನು (ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಲೈಕೆನ್‌ಗಳನ್ನು) ಮಾತ್ರ. ಒಣ ಮರ ನೋಡಿ ಅಣಬೆಯ ಜಾಗ ಹೇಳುವುದೆಂದರೆ ಕಣಿ ಹೇಳಿದ ಹಾಗೆ ಎಂದು ಜೊತೆಯವರು ನಗುತ್ತಿದ್ದರು. ಕಳೆದ ಮಳೆಗಾಲದಲ್ಲಿ ನಾನು ಗುರುತು ಹಾಕಿದ್ದ ಜಾಗಗಳಲ್ಲಿ ಹತ್ತಕ್ಕೆ ಆರೇಳರಲ್ಲಿ ಅಣಬೆ ಎದ್ದಿತು. ಈಗ ಅವರೇ ನಕ್ಷೆ ಕೇಳುತ್ತಿದ್ದಾರೆ.

ಹಸಿರು ಪಾಚಿಯೊಡನೆ ಬಾಳುವ ಕಲ್ಲುಹೂವಿಗೆ ಗಾಳಿಯ ತೇವವೇ ಸಾಕು, ಚೇತರಿಸಿಕೊಳ್ಳುತ್ತದೆ. ನೀಲಿ-ಹಸಿರು ಪಾಚಿಯನ್ನು ಕಟ್ಟಿಕೊಂಡ ಲೆಪ್ಟೋಜಿಯಂ, ಕೊಲೆಮಾ ಎಂಬ ಕಲ್ಲುಹೂವುಗಳಿಗೆ ಅದು ಸಾಲದು. ನೀರು ನೀರಾಗಿಯೇ ಮೈಮೇಲೆ ಬೀಳಬೇಕು. ಹಾಗಾಗಿ ಇವು ಚೆನ್ನಾಗಿ ಹಬ್ಬಿರುವ ಮರದ ಮೈಯಲ್ಲಿ ನೀರು ಇಳಿಯುತ್ತದೆ, ನಿಲ್ಲುತ್ತದೆ ಎಂದು ಲೆಕ್ಕ. ಅಂಥ ಮರದ ಬುಡದಲ್ಲಿ ಬಿದ್ದ ದಿಮ್ಮಿ ಬೇಗ ಒಣಗುವುದಿಲ್ಲ, ಮಳೆ ಬಂದಾಗ ಅಣಬೆ ಹುಡುಕುವುದು ಅಲ್ಲೇ. ಬೇಸಿಗೆಯಲ್ಲಿ ಇವು ಸುಟ್ಟ ಕಾಗದದ ಚೂರಿನಂತೆ ಮುದುರಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಅನುಮಾನ ಬಂದ ಕಡೆ ಒಂದು ಹನಿ ನೀರು ಬಿಡುತ್ತೇನೆ. ಕಪ್ಪು ಚೂರು ನೋಡುನೋಡುತ್ತಲೇ ಅಂಚಿನಿಂದ ಬಿಚ್ಚಿಕೊಂಡು ಉಬ್ಬಿ, ಬೆಳಕು ಹಾಯುವ ಲೋಳೆಯಾದರೆ ಆ ಮರಕ್ಕೆ ಗುರುತು. ಮರದ ಯಾವ ಮಗ್ಗುಲು, ಎಷ್ಟು ಎತ್ತರ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎಲ್ಲ ಸೀಮೆಯಲ್ಲೂ ಇದು ನಡೆಯುವುದಿಲ್ಲ. ಮಂಜು ಕವಿಯುವ ಎತ್ತರದ ಬೆಟ್ಟದಲ್ಲಿ ಕೊಂಬೆಕೊಂಬೆಗೂ ಉಸ್ನಿಯಾ ಎಂಬ ಕಲ್ಲುಹೂವು ಗಡ್ಡ ಬಿಟ್ಟಿರುತ್ತದೆ, ಕೆಳಗೆ ನೆಲ ಮಾತ್ರ ಒಣಗಿರುತ್ತದೆ. ಮಂಜನ್ನು ನಂಬಿ ಒಂದಿಡೀ ಹಂಗಾಮು ಕಳೆದೆ, ಓಡಾಟದ ಖರ್ಚೂ ದಂಡವಾಯಿತು. ಕಡಲ ದಂಡೆಯ ಬಂಡೆಗಳ ಮೇಲಿನ ಕಿತ್ತಳೆ ಬಣ್ಣದ ಕಲ್ಲುಹೂವು ಕ್ಸಾಂಥೋರಿಯಾ ಹಕ್ಕಿ ಕೂರುವ ಜಾಗ ಹೇಳುತ್ತದೆ, ತೇವದ ಸುದ್ದಿ ಹೇಳುವುದಿಲ್ಲ. ಬಯಲು ಸೀಮೆಯಲ್ಲಿ ಹುತ್ತದ ಅಣಬೆಗಂತೂ ಮರದ ಹಂಗೇ ಇಲ್ಲ, ಅದು ನೆಲದಡಿ ಗೆದ್ದಲು ಸಾಕಿದ ಶಿಲೀಂಧ್ರದಿಂದ ಎದ್ದು ಬರುವಂಥದ್ದು. ಅಲ್ಲಿ ಹುತ್ತ ಎಣಿಸುವುದೇ ಸರಿ.

ದುಡ್ಡು ಹೆಚ್ಚು ಹೋದದ್ದು ಕ್ಯಾಮೆರಾದ ಮ್ಯಾಕ್ರೋ ಲೆನ್ಸಿಗೆ. ಅದು ಈಗ ಬಹುಪಾಲು ಮನೆಯಲ್ಲೇ ಇರುತ್ತದೆ. ಕೆಲಸ ಮಾಡುವುದು ಕೊರಳಿಗೆ ನೇತುಹಾಕಿದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಲೂಪ್. ಕೆಲವು ಕಲ್ಲುಹೂವು ನೇರಳಾತೀತ ಬೆಳಕಿಗೆ ಹೊಳೆಯುತ್ತವೆ. ಅದನ್ನು ನೋಡಲು ಅಗ್ಗಕ್ಕೆ ಸಿಕ್ಕಿತೆಂದು ತಂದ 395 ನ್ಯಾನೋಮೀಟರಿನ ನೇರಳೆ ಟಾರ್ಚು ದಂಡ. ಅದರದೇ ಬೆಳಕು ಕಣ್ಣು ತುಂಬಿ, ಕಲ್ಲುಹೂವಿನ ಹೊಳಪು ಮುಚ್ಚಿಹೋಗುತ್ತದೆ. 365ರದ್ದು ಅದರ ಮೂರು ನಾಲ್ಕು ಪಟ್ಟು ಬೆಲೆಗೆ ಬಂತು, ಆದರೆ ಹಗಲಲ್ಲಿ ಬೂದಿಯಂತೆ ಕಾಣುವ ಪಿಕ್ಸಿನ್ ಕೊಕೋಯಿಸ್ ಎಂಬ ಕಲ್ಲುಹೂವು ರಾತ್ರಿ ಅದರ ಕೆಳಗೆ ಹಳದಿಯಾಗಿ ಉರಿದದ್ದನ್ನು ನೋಡಿದ ಮೇಲೆ ಖರ್ಚಿನ ಮಾತೆತ್ತಲಿಲ್ಲ.

ಬ್ಲೀಚಿನ ಹನಿ ತಾಗಿಸಿ, ಬಣ್ಣ ತಿರುಗುವುದನ್ನು ನೋಡಿ ಕಲ್ಲುಹೂವಿನ ಜಾತಿ ಗುರುತಿಸುವ ಪರೀಕ್ಷೆಗೆ ಹೊಸ ಬಾಟಲಿಯೇ ಬೇಕು. ಪಾರ್ಮೋಟ್ರೆಮಾ ಟಿಂಕ್ಟೋರಮ್ ಎಂಬ ಕಲ್ಲುಹೂವಿನ ಮೇಲ್ಪದರ ಕೆರೆದು ಬಿಳಿಯ ಒಳಪದರಕ್ಕೆ ಹನಿ ತಾಗಿಸಿದರೆ ಕೆಂಪಾಗಲೇಬೇಕು. ನನ್ನ ಹಳೆಯ ಬಾಟಲಿ ಆಗದೆಂದಿತು, ಹೊಸದು ಕ್ಷಣದಲ್ಲಿ ಕೆಂಪು ಮಾಡಿತು. ಹಳೆಯದನ್ನು ನಂಬಿ ಬರೆದಿಟ್ಟ ಅರ್ಧ ಪುಸ್ತಕದಷ್ಟು ಟಿಪ್ಪಣಿ ರದ್ದಿಗೆ ಹೋಯಿತು. ಹನಿಗೆ ಬೆಂಕಿಕಡ್ಡಿಯ ತುದಿಗಿಂತ ಬೋರೋಸಿಲಿಕೇಟ್ ಗಾಜಿನ ಸಣ್ಣ ನಳಿಗೆ ವಾಸಿ.

ಅಣಬೆ ಗುರುತಿಸಲು ಬೀಜಕದ ಅಚ್ಚನ್ನು, ಎಂದರೆ ಕೊಡೆಯಿಂದ ಉದುರಿದ ಬೀಜಕಗಳ ಬಣ್ಣದ ಗುರುತನ್ನು, ಕಾಗದ ಬಿಟ್ಟು ಗಾಜಿನ ಮೇಲೆ ತೆಗೆಯುತ್ತೇನೆ. ಕೆಳಗೆ ಕಪ್ಪು, ಬಿಳಿ ಎರಡನ್ನೂ ಇಟ್ಟು ನೋಡಬಹುದು. ಕ್ಲೋರೋಫಿಲಮ್ ಮೊಲಿಬ್ಡೈಟಿಸ್ ಎಂಬ ಅಣಬೆಯ ಎಳೆಯ ಕೊಡೆಯಡಿಯ ಪದರುಗಳು ಬಿಳಿಯಾಗಿಯೇ ಇರುತ್ತವೆ, ಹಸಿರು ಛಾಯೆ ಕಾಣುವುದು ಬಲಿತ ಮೇಲೆ, ಅಚ್ಚಿನಲ್ಲಿ. ವಿಷದ ಅಣಬೆ ಅದು, ಎಳೆಯದನ್ನು ನೋಡಿ ತೀರ್ಮಾನ ಹೇಳುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಗಾಜು ಕೊಟ್ಟು ರಾತ್ರಿಯಿಡೀ ಕಾಯಿಸುತ್ತೇನೆ.